ಕೊಲೆ ಕೇಸಿನಲ್ಲಿ ಸನ್ನೆ ಭಾಷೆಯ ದುಭಾಷಿಯಾಗಿ ಕೂತಿದ್ದು

ದಾವಣಗೆರೆಯಲ್ಲಿ ಎಂ.ಎ. ಓದುತ್ತಿದ್ದ ಒಬ್ಬ ಕಿವುಡ ಹುಡುಗನ ಕೊಲೆಯಾಯಿತು. ಆ ತನಿಖೆಯಲ್ಲಿ ಪೊಲೀಸರ ಪಕ್ಕ ಸನ್ನೆ ಭಾಷೆಯ ದುಭಾಷಿಯಾಗಿ ಕೂತವಳು ನಾನು. ನನ್ನ ಸಾಕ್ಷಿ ಕೋರ್ಟಿನಲ್ಲಿ ಮುಗಿದಿದೆ. ಕೇಸಿಗೆ ಸಂಬಂಧಪಟ್ಟು ಇಲ್ಲಿ ಬರೆಯುತ್ತಿರುವುದೆಲ್ಲ ಅಲ್ಲಿ ಎಲ್ಲರೆದುರು ಹೇಳಿದ್ದೇ. ಆದರೆ ವಿಚಾರಣೆ ಇನ್ನೂ ನಡೆಯುತ್ತಿದೆ, ಹಾಗಾಗಿ ಯಾರು ಮಾಡಿದರು, ಯಾಕೆ ಮಾಡಿದರು ಅನ್ನೋದನ್ನು ಬರೆಯಲ್ಲ. ಹುಡುಗನ ಹೆಸರು, ಊರು, ಕಾಲೇಜು ಯಾವುದೂ ಇಲ್ಲ, ಗುರುತು ಸಿಗುವಂಥ ಕೆಲವು ವಿವರ ಬದಲಾಯಿಸಿದ್ದೇನೆ. ಆ ಕೋಣೆಗಳಲ್ಲಿ ಕೆಲಸ ಹೇಗೆ ನಡೆಯಿತು ಅನ್ನೋದಷ್ಟೇ ನನಗೆ ಹೇಳಬೇಕಿರೋದು. ನಾಳೆ ಹಾವೇರಿಯಲ್ಲೋ ಚಳ್ಳಕೆರೆಯಲ್ಲೋ ಇನ್ಯಾರಿಗೋ ಇಂಥದ್ದೇ ಫೋನ್ ಬರಬಹುದು, ಅವರಿಗೆ ಉಪಯೋಗವಾಗಲಿ.

ನಮ್ಮಪ್ಪ ಕಿವುಡರು. ಇಲ್ಲಿನ ಹತ್ತಿ ಗಿರಣಿಯಲ್ಲಿ ದುಡಿದವರು. ಮಗ್ಗಗಳ ಗದ್ದಲದಲ್ಲಿ ಕಿವಿ ಕೇಳುವವರೂ ಕೈಯಲ್ಲೇ ಮಾತಾಡಬೇಕಿತ್ತು, ಹಾಗಾಗಿ ಗಿರಣಿಯ ಒಳಗೆ ಅಪ್ಪನಿಗೆ ಏನೂ ತೊಂದರೆ ಇರಲಿಲ್ಲ, ಗೇಟು ದಾಟಿ ಹೊರಗೆ ಬಂದ ಮೇಲೆ ಇತ್ತು. ನಾನು ಮಾತು ಕಲಿಯೋಕೆ ಮುಂಚೆ ಸನ್ನೆ ಕಲಿತವಳು. ಆದರೆ ಮನೆಯಲ್ಲಿ ಕಲಿತ ಸನ್ನೆ ದುಭಾಷಿ ಕೆಲಸಕ್ಕೆ ಸಾಲಲ್ಲ. ಅದಕ್ಕೆ ಬೇರೆ ಡಿಪ್ಲೊಮಾ ಇದೆ, ಎರಡು ವರ್ಷದ್ದು. ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುವಾಗಿದ್ದೇ 2015ರಲ್ಲಿ. ಅವರ ನಿಘಂಟು 2018ರಲ್ಲಿ 3,000 ಪದಗಳಿಂದ ಶುರುವಾಗಿ 2021ಕ್ಕೆ 10,000 ಮುಟ್ಟಿತು. ಅಂದರೆ ಕೋರ್ಟು ಕಚೇರಿಯ ಪದಗಳಿಗೆ ಎಲ್ಲರೂ ಒಪ್ಪುವ ಸನ್ನೆ ಅಂತ ಸಿಗೋಕೆ ಶುರುವಾಗಿ ಇನ್ನೂ ಹೆಚ್ಚು ವರ್ಷ ಆಗಿಲ್ಲ.

ಶವ ಸಿಕ್ಕಿದ್ದು ಭದ್ರಾ ನಾಲೆಯಲ್ಲಿ. ಬೇಸಿಗೆ ಬೆಳೆಗೆ ನೀರು ಬಿಟ್ಟಿದ್ದ ದಿನಗಳು, ನಾಲೆ ತುಂಬಿ ಹರಿಯುತ್ತಿತ್ತು. ಮೊದಲು ಯುಡಿಆರ್ ಅಂತಲೇ ದಾಖಲಾಯಿತು, ಅಂದರೆ ಅಸಹಜ ಸಾವು. ಊರವರು ಅಷ್ಟರಲ್ಲೇ ತೀರ್ಮಾನ ಮಾಡಿಬಿಟ್ಟಿದ್ದರು. "ಪಾಪ, ಕಿವಿ ಕೇಳ್ತಿರ್ಲಿಲ್ಲ, ಹಿಂದೆ ಗಾಡಿ ಹಾರ್ನ್ ಹೊಡೆದಿದ್ದು ಗೊತ್ತಾಗಿರಲ್ಲ, ಗಾಬರಿಯಾಗಿ ನಾಲೆಗೆ ಬಿದ್ದಿರ್ತಾನೆ." ಕೇಳಿದರೆ ಸರಿ ಅನ್ನಿಸೋ ಮಾತು ಇದು, ಅದಕ್ಕೇ ಅಪಾಯ. ಹುಟ್ಟಿನಿಂದ ಕಿವಿ ಕೇಳದವರು ರಸ್ತೆ ಬದಿ ನಡೆಯುವಾಗ ನಮಗಿಂತ ಜಾಸ್ತಿ ತಿರುಗಿ ನೋಡುತ್ತಾರೆ, ಬೆಳಕು ನೋಡುತ್ತಾರೆ, ನೆಲದ ಅದುರು ಗಮನಿಸುತ್ತಾರೆ. ಹಾರ್ನ್ ನಂಬಿಕೊಂಡು ಅಡ್ಡಾಡೋರು ನಾವು. ಮರಣೋತ್ತರ ಪರೀಕ್ಷೆಯಲ್ಲಿ ತಲೆಯ ಹಿಂದಿನ ಗಾಯ ಬದುಕಿದ್ದಾಗಲೇ ಆಗಿದ್ದು, ಬಿದ್ದು ಆಗೋ ಥರದ್ದಲ್ಲ ಅಂತ ಬಂತು. ಯುಡಿಆರ್ ಹೋಗಿ ಬಿಎನ್‌ಎಸ್ 103 ಬಂತು, ಅಂದರೆ ಹೊಸ ದಂಡ ಸಂಹಿತೆಯ ಕೊಲೆಯ ಕಲಮು, ಹಳೆಯ ಐಪಿಸಿ 302.

ಇನ್ಸ್‌ಪೆಕ್ಟರ್ ನನಗೆ ಫೋನ್ ಮಾಡಿದ್ದು ಅದಾದ ಮೇಲೆ. ಮೊದಲ ಪ್ರಶ್ನೆ ಇದು: "ಮೇಡಂ, ಈ ಹುಡುಗಂಗೆ ಫ್ರೆಂಡ್ಸೇ ಇರ್ಲಿಲ್ವಾ? ಸಿಡಿಆರ್ ತರಿಸಿದೀವಿ, ಅದರಲ್ಲಿ ಏನೂ ಇಲ್ಲ."

ಯಾವುದೇ ಕೊಲೆ ಕೇಸಿನಲ್ಲಿ ಇವತ್ತು ಪೊಲೀಸರು ಮೊದಲು ಮಾಡೋ ಕೆಲಸ ಅದು. ಸಿಡಿಆರ್, ಅಂದರೆ ಸತ್ತವರ ಫೋನಿನ ಕರೆ ವಿವರ ತರಿಸಿ, ಕೊನೆಗೆ ಯಾರ ಜೊತೆ ಮಾತಾಡಿದರು, ಯಾವ ಟವರ್ ಹತ್ತಿರ ಇದ್ದರು ಅಂತ ನೋಡ್ತಾರೆ. ಕಿವುಡ ಹುಡುಗನ ಸಿಡಿಆರ್‌ನಲ್ಲಿ ಏನಿರುತ್ತೆ ಹೇಳಿ? ಬ್ಯಾಂಕಿನ ಮೆಸೇಜು, ಲೋನ್ ಬೇಕಾ ಅಂತ ಕೇಳೋ ಕಂಪನಿಗಳ ಕಾಲು. ಅವನ ಮಾತೆಲ್ಲ ವಾಟ್ಸಾಪ್ ವಿಡಿಯೊ ಕಾಲ್‌ನಲ್ಲಿ. ಅದು ಸಿಡಿಆರ್‌ಗೆ ಬರಲ್ಲ, ಡೇಟಾ ಬಳಕೆ ಅಂತ ಮಾತ್ರ ಕಾಣುತ್ತೆ. ಕಿವುಡ ಗೆಳೆಯರು ರಾತ್ರಿ ಗಂಟೆಗಟ್ಟಲೆ ಮಾತಾಡ್ತಾರೆ ಸಾರ್, ಫೋನನ್ನು ನೀರಿನ ಚೊಂಬಿಗೆ ಒರಗಿಸಿಟ್ಟು ಎರಡೂ ಕೈಯಲ್ಲಿ ಮಾತಾಡ್ತಾರೆ, ಅವನ ಫೋನ್ ಸಿಗದಿದ್ದರೆ ಗೆಳೆಯರ ಫೋನ್ ನೋಡಿ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನೀವು ಸ್ಟೇಷನ್ನಿಗೆ ಬರೋಕಾಗುತ್ತಾ?" ಅಂದರು.

ಗೆಳೆಯರ ಫೋನುಗಳಲ್ಲಿ ಸಿಕ್ಕಿದ್ದು ಬಹಳ. ಕಾಲ್ ಆದ ದಿನ, ಹೊತ್ತು, ಎಷ್ಟು ನಿಮಿಷ ಅನ್ನೋದು ಅವರ ಫೋನಿನಲ್ಲಿ ಇದ್ದೇ ಇತ್ತು. ಜೊತೆಗೆ ಅವನು ಕಳಿಸಿದ ಚಿಕ್ಕ ಚಿಕ್ಕ ವಿಡಿಯೊಗಳು. ನಾವು ವಾಯ್ಸ್ ಮೆಸೇಜ್ ಕಳಿಸ್ತೀವಲ್ಲ, ಅದರ ಜಾಗದಲ್ಲಿ ಅವರದ್ದು ಇದು. ಆ ಫೋನುಗಳನ್ನು ಮಹಜರ್ ಮಾಡಿ ವಶಕ್ಕೆ ತಗೊಂಡರು. ಹೊಸ ಕಾನೂನಿನಲ್ಲಿ, ಅಂದರೆ 2024ರ ಜುಲೈ 1ರ ನಂತರ, ಶೋಧ ಮತ್ತು ಜಪ್ತಿಯನ್ನೂ ವಿಡಿಯೊ ಮಾಡಬೇಕು. ಗೆಳೆಯರಿಗೆ ಫೋನ್ ಕೊಡೋದು ಅಂದರೆ ಬಾಯಿ ಕೊಟ್ಟು ಬಂದ ಹಾಗೆ, ಒಬ್ಬ ಅತ್ತೇ ಬಿಟ್ಟ. ಅದನ್ನು ಇನ್ಸ್‌ಪೆಕ್ಟರ್‌ಗೆ ಹೇಳಿದೆ. ಅವರು ಪ್ರಯೋಗಾಲಯದವರ ಹಿಂದೆ ಬಿದ್ದು ನಕಲು ತೆಗೆಸೋ ಕೆಲಸ ಬೇಗ ಮಾಡಿಸಿದರು, ಮಾಡಿಸಬೇಕಾಗಿದ್ದೂ ಹೌದು.

ಆ ವಿಡಿಯೊಗಳಲ್ಲಿ ಕೊನೆಯದು ಸಾಯಂಕಾಲದ್ದು. ಒಬ್ಬರನ್ನು ನೋಡೋಕೆ ಹೋಗ್ತಿದೀನಿ, ನಾಲೆಯ ಸೇತುವೆ ದಾಟಿ ಪಕ್ಕಕ್ಕೆ ತಿರುಗಿದರೆ ಪಂಪ್‌ಹೌಸ್ ಇದೆಯಲ್ಲ, ಅಲ್ಲಿ, ಅಂತ ಹೇಳುತ್ತಾನೆ. ಯಾವ ಪಕ್ಕ? ಬಾಯಲ್ಲಿ ಹೇಳೋರು ಎಡ ಬಲ ಅಂತ ಹೇಳ್ತಾರೆ. ಸನ್ನೆಯಲ್ಲಿ ಕೈಯೇ ಆ ಕಡೆ ಹೋಗುತ್ತೆ. ಸ್ಕ್ರೀನಿನಲ್ಲಿ ನೋಡಿದರೆ ಕೈ ಅವನ ಎಡಕ್ಕೆ ಹೋಗಿದೆ. ಪೊಲೀಸರು ಎಡಕ್ಕೆ ಹುಡುಕಿಸೋಕೆ ಹೊರಟಿದ್ದರು. ನನಗೆ ಒಂದು ವಿಷಯ ಚುಚ್ಚುತ್ತಾ ಇತ್ತು: ಆ ವಿಡಿಯೊದಲ್ಲಿ ಅವನು ಎಡಗೈಯಲ್ಲಿ ಮಾತಾಡುತ್ತಿದ್ದ. ಸನ್ನೆ ಮಾಡುವವರಿಗೂ ಒಂದು ಮುಖ್ಯ ಕೈ ಇರುತ್ತೆ, ಬರೆಯೋ ಕೈ ಥರ. ಅವನ ಅಮ್ಮನನ್ನು ಕೇಳಿದೆ. "ಬಲಗೈಯಾಗೇ ಉಣ್ತಿದ್ದ ಯವ್ವಾ, ಬರೀತಿದ್ದದ್ದೂ ಬಲಗೈಯಾಗೇ" ಅಂದರು. ಮತ್ತೆ ವಿಡಿಯೊ ನಿಲ್ಲಿಸಿ ನೋಡಿದರೆ ಹಿಂದಿನ ಗೋಡೆಯ ಕ್ಯಾಲೆಂಡರಿನ ಅಕ್ಷರಗಳು ತಿರುಗುಮುರುಗು. ಮುಂದಿನ ಕ್ಯಾಮೆರಾ ಕೆಲವು ಫೋನುಗಳಲ್ಲಿ ಕನ್ನಡಿಯಲ್ಲಿ ಕಂಡ ಹಾಗೇ ಉಳಿಸುತ್ತೆ, ಸೆಟ್ಟಿಂಗಿನ ಮೇಲೆ ಹೋಗುತ್ತೆ. ಹಾಗಾಗಿ ಅವನು ತೋರಿಸಿದ್ದು ಬಲಕ್ಕೆ. ಬಲಗಡೆಯ ಪಂಪ್‌ಹೌಸ್ ಹತ್ತಿರ ಏನು ಸಿಕ್ಕಿತು ಅನ್ನೋದು ಚಾರ್ಜ್‌ಶೀಟಿನಲ್ಲಿದೆ, ನಾನು ಹೇಳಲ್ಲ. ಅದಕ್ಕೂ ಮುಂಚೆ ನಾಯಿ ತಂದಿದ್ದರಂತೆ. ನಮ್ಮ ಜಿಲ್ಲೆಯ ಪೊಲೀಸ್ ನಾಯಿ ತುಂಗಾ 2020ರಲ್ಲಿ ಹತ್ತು ಕಿಲೋಮೀಟರಿಗೂ ಜಾಸ್ತಿ ಓಡಿ ಕೊಲೆ ಕೇಸು ಬಿಡಿಸಿದ್ದು ಇಲ್ಲಿ ಎಲ್ಲರಿಗೂ ಗೊತ್ತಿರೋ ಕಥೆ. ಆದರೆ ಇಲ್ಲಿ ನಡುವೆ ನೀರಿತ್ತು.

ಆ ಅಮ್ಮನ ಬಗ್ಗೆ ಒಂದು ಮಾತು. ಅವರಿಗೆ ಮಗನ ಸನ್ನೆ ಭಾಷೆ ಬರುತ್ತಿರಲಿಲ್ಲ. ಊಟ, ನೀರು, ದುಡ್ಡು, ಬಸ್ಸು, ಹುಷಾರಿಲ್ಲ ಅನ್ನೋಷ್ಟು ಮನೆಯ ಸನ್ನೆ ಮಾತ್ರ. ಜಗಳೂರು ಕಡೆಯ ಹಳ್ಳಿಯಲ್ಲಿ ಕಲಿಸೋರು ಯಾರು? ಮಗ ಗೆಳೆಯರ ಜೊತೆ ನಗುತ್ತಾ ಏನೋ ದೀರ್ಘವಾಗಿ ಹೇಳುತ್ತಿರೋ ವಿಡಿಯೊ ನೋಡಿ, "ಇಷ್ಟೊಂದು ಮಾತಾಡ್ತಿದ್ನಾ ಇವನು? ಏನಂತಾನೆ ಯವ್ವಾ?" ಅಂತ ಕೇಳಿದರು. ಅದು ಕೇಸಿನ ವಸ್ತು, ನಾನು ಹೇಳೋ ಹಾಗಿರಲಿಲ್ಲ. ಇನ್ಸ್‌ಪೆಕ್ಟರ್ ಮುಖ ನೋಡಿದೆ, ಅವರು ತಲೆ ಅಲ್ಲಾಡಿಸಿದರು. ಇವತ್ತಿಗೂ ನಾನು ಅದನ್ನು ಅವರಿಗೆ ಹೇಳಿಲ್ಲ.

ಇನ್ನು ಕೂಗು. ಶವ ಸಿಕ್ಕ ಜಾಗದ ಮೇಲ್ಗಡೆ ರಾತ್ರಿ ಭತ್ತದ ಗದ್ದೆಗೆ ನೀರು ಕಟ್ಟೋಕೆ ಬಂದಿದ್ದ ರೈತರನ್ನೆಲ್ಲ ಪೊಲೀಸರು ವಿಚಾರಿಸಿದ್ದರು. ಯಾರಾದರೂ ಕೂಗಿದ್ದು ಕೇಳಿತಾ ಅಂದರೆ ಎಲ್ಲರೂ ಇಲ್ಲ ಅಂದಿದ್ದರು. ಪೊಲೀಸರೂ ಬಿಟ್ಟಿದ್ದರು, ಯಾಕೆಂದರೆ ಫೈಲಿನಲ್ಲಿ ಮೃತನ ವಿವರದ ಜಾಗದಲ್ಲಿ 'ಕಿವುಡ ಮತ್ತು ಮೂಗ' ಅಂತ ಬರೆದಿತ್ತು. ಮೂಗ ಹೇಗೆ ಕೂಗ್ತಾನೆ? ಒಂದು ದಿನ ಚಹಾ ಕುಡಿಯುತ್ತಾ ಇನ್ಸ್‌ಪೆಕ್ಟರ್ ಸುಮ್ನೆ ಕೇಳಿದರು, "ಮೇಡಂ, ಇವರಿಗೆ ದನಿ ಇರುತ್ತಾ?" ಇರುತ್ತೆ ಸಾರ್, ಚೆನ್ನಾಗೇ ಇರುತ್ತೆ, ಗಂಟಲಿಗೇನೂ ಆಗಿರಲ್ಲ, ತಮ್ಮ ದನಿ ತಮಗೇ ಕೇಳದೆ ಇರೋದರಿಂದ ಅದು ಬೇರೆ ಥರ ಬರುತ್ತೆ ಅಷ್ಟೇ, ನಮ್ಮಪ್ಪ ಕ್ರಿಕೆಟ್ ನೋಡುವಾಗ ಕೂಗಿದರೆ ಪಕ್ಕದ ಮನೆಯವರು ಬಾಗಿಲಿಗೆ ಬರ್ತಾರೆ ಅಂದೆ. ಅವರು ಗ್ಲಾಸು ಕೆಳಗಿಟ್ಟರು. ಮಾರನೇ ದಿನ ಅದೇ ರೈತರ ಹತ್ತಿರ ಹೋಗಿ ಪ್ರಶ್ನೆ ಬದಲಾಯಿಸಿ ಕೇಳಿದರು: ಆವತ್ತು ರಾತ್ರಿ ಯಾವುದಾದರೂ ಶಬ್ದ ಕೇಳಿತಾ, ಎಂಥದ್ದಾದರೂ ಪರವಾಗಿಲ್ಲ. ಒಬ್ಬರು ಹೇಳಿದರು, ಹೌದು, ಒಂಥರಾ ಕೂಗು ಬಂತು, ಮನುಷ್ಯರದ್ದು ಅನ್ನಿಸಲಿಲ್ಲ, ಯಾವುದೋ ಪ್ರಾಣಿ ಅಂದುಕೊಂಡೆ, ಮೋಟರ್ ಆನ್ ಮಾಡೋಕೆ ಕರೆಂಟು ಬಂದ ಹೊತ್ತು ಅದು. ಆ ಲೈನಿಗೆ ಕರೆಂಟು ಬಿಟ್ಟ ಹೊತ್ತು ಸಬ್‌ಸ್ಟೇಷನ್ ಲೆಕ್ಕದಲ್ಲಿ ಇತ್ತು. ಹೀಗೆ ಹೊತ್ತು ಗೊತ್ತಾಯಿತು.

ಹುಡುಗನ ದನಿ ಇರೋ ಒಂದು ಮದುವೆ ವಿಡಿಯೊ ಮನೆಯವರ ಹತ್ತಿರ ಇತ್ತು. ಅದನ್ನು ರೈತನಿಗೆ ಕೇಳಿಸಿ, ಇದೇನಾ ಅಂತ ಕೇಳಬಹುದಲ್ಲ ಅಂತ ಒಬ್ಬ ಪೇದೆ ಅಂದ. ಇನ್ಸ್‌ಪೆಕ್ಟರ್ ಬೇಡ ಅಂದರು. ಅವನ ಬಾಯಿಗೆ ನಾವೇ ತುತ್ತಿಟ್ಟ ಹಾಗಾಗುತ್ತೆ, ಪಾಟೀ ಸವಾಲಿನಲ್ಲಿ ಒಂದು ನಿಮಿಷ ನಿಲ್ಲಲ್ಲ ಅಂದರು. ನನಗೆ ಅವರ ಮೇಲೆ ಗೌರವ ಬಂದಿದ್ದು ಆವತ್ತು.

ಈಗ ಹೇಳಿಕೆ ತಗೊಳ್ಳೋ ವಿಷಯಕ್ಕೆ ಬರ್ತೀನಿ. ಮುಖ್ಯ ಸಾಕ್ಷಿ ಅವನ ರೂಮಿನ ಗೆಳೆಯ, ಅವನೂ ಕಿವುಡ, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ. ಮೊದಲನೇ ವಿಷಯ, ಅಂಗವೈಕಲ್ಯ ಇರೋ ಸಾಕ್ಷಿಯನ್ನು ಸ್ಟೇಷನ್ನಿಗೆ ಬಾ ಅಂತ ಬಲವಂತ ಮಾಡೋ ಹಾಗಿಲ್ಲ. ತನಿಖೆ ಹೇಗೆ ನಡೆಯಬೇಕು ಅಂತ ಹೇಳೋ ಹೊಸ ಕಾನೂನು ಬಿಎನ್‌ಎಸ್‌ಎಸ್‌, ಅದರ 179ನೇ ಕಲಮಿನ ಪ್ರಕಾರ ಪೊಲೀಸರೇ ಅವರಿರೋ ಕಡೆ ಹೋಗಬೇಕು, ಅವರಾಗೇ ಬರ್ತೀನಿ ಅಂದರೆ ಮಾತ್ರ ಬರಬಹುದು. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಅವನು ರೂಮಿಗೇ ಬನ್ನಿ ಅಂದ. ಹದಡಿ ರಸ್ತೆ ಕಡೆ ಒಂದೇ ಕಿಟಕಿಯ ರೂಮು. ಇನ್ಸ್‌ಪೆಕ್ಟರ್, ಹೇಳಿಕೆ ಟೈಪ್ ಮಾಡೋ ರೈಟರ್, ವಿಡಿಯೊ ತೆಗೆಯೋ ಪೇದೆ, ನಾನು, ಎಲ್ಲರೂ ಅದರೊಳಗೆ.

ಎಲ್ಲರೂ ಎಲ್ಲಿ ಕೂರಬೇಕು ಅನ್ನೋದಕ್ಕೇ ಬಹಳ ಹೊತ್ತು ಹೋಯಿತು, ಹೋಗಲೇಬೇಕು. ನಾನು ಇನ್ಸ್‌ಪೆಕ್ಟರ್ ಪಕ್ಕ, ಸ್ವಲ್ಪ ಹಿಂದೆ ಕೂತೆ. ಹಾಗಿದ್ದರೆ ಹುಡುಗನಿಗೆ ಕೇಳೋರ ಮುಖವೂ ನನ್ನ ಕೈಯೂ ಒಟ್ಟಿಗೆ ಕಾಣುತ್ತೆ. ಕಿಟಕಿ ನನ್ನ ಬೆನ್ನಿಗೆ ಇರಬಾರದು, ಇದ್ದರೆ ನಾನು ಕಪ್ಪು ನೆರಳು. ಬಟ್ಟೆ ಒಂದೇ ಬಣ್ಣದ್ದು, ಗಾಢವಾದದ್ದು, ಕೈ ಎದ್ದು ಕಾಣೋ ಹಾಗೆ. ಬಳೆ ತೆಗೆದಿಟ್ಟಿದ್ದೆ. ವಿಡಿಯೊ ತೆಗೆಯೋ ಪೇದೆಗೆ ಅಭ್ಯಾಸ ಬಲ, ಸಾಕ್ಷಿಯ ಮುಖವನ್ನೇ ದೊಡ್ಡದಾಗಿ ತೋರಿಸುತ್ತಿದ್ದ. ಕೈ ಹೊರಗೆ! ಕಿವಿ ಕೇಳೋ ಸಾಕ್ಷಿಯ ಆಡಿಯೊ ಆಫ್ ಮಾಡಿಟ್ಟ ಹಾಗೆ ಅದು ಅಂದಾಗ ಪಾಪ ಹಿಂದೆ ಸರಿದು ಗೋಡೆಗೆ ಅಂಟಿಕೊಂಡು ನಿಂತ. ಸೊಂಟದಿಂದ ತಲೆಯ ಮೇಲಿನವರೆಗೆ ಬೇಕು, ಎರಡೂ ಮೊಣಕೈ ಒಳಗೆ ಇರಬೇಕು, ಮುಖವೂ ಬೇಕು, ಯಾಕೆಂದರೆ ಹುಬ್ಬು ಏರಿಸಿದರೆ ಅದೇ ಪ್ರಶ್ನೆ, ತಲೆ ಅಡ್ಡ ಆಡಿಸಿದರೆ ಅದೇ ಇಲ್ಲ.

ಎರಡನೇ ಕ್ಯಾಮೆರಾ ನನ್ನ ಮೇಲೆ ಇಡಿ ಅಂದೆ. ಇನ್ಸ್‌ಪೆಕ್ಟರ್‌ಗೆ ಆಶ್ಚರ್ಯ. "ನಿಮ್ಮನ್ನ ಯಾಕೆ? ನೀವು ಸಾಕ್ಷಿ ಅಲ್ವಲ್ಲ." ನೀವು ಕನ್ನಡದಲ್ಲಿ ಕೇಳಿದ್ದು ಒಂದು, ನಾನು ಅವನಿಗೆ ಕೇಳಿದ್ದು ಇನ್ನೊಂದು ಅಂತ ನಾಳೆ ಆರೋಪಿ ಪರ ವಕೀಲರು ಹೇಳಬಹುದು, ಆಗ ನನ್ನ ಕೈಯೂ ದಾಖಲೆಯಲ್ಲಿ ಇರಬೇಕು ಅಂದೆ. ಈ ಕೆಲಸದಲ್ಲಿ ನಾನು ಹಟ ಹಿಡಿದಿದ್ದು ಇದೊಂದಕ್ಕೇ. ರೈಟರ್ ಟೈಪ್ ಮಾಡೋದು ನನ್ನ ಕನ್ನಡ. ಸಾಕ್ಷಿ ಹೇಳಿದ್ದು ವಿಡಿಯೊದಲ್ಲಿದೆ. ಅನುಮಾನ ಬಂದರೆ ಬೇರೆ ದುಭಾಷಿ ಕೂತು ನೋಡಬಹುದು. ನನ್ನನ್ನು ನಂಬಿ ಅಂತ ಯಾರನ್ನೂ ಕೇಳಬೇಕಿಲ್ಲ.

ಕೇಳೋಕೆ ಶುರು ಮಾಡಿದರು. "ಮೇಡಂ, ಅವನನ್ನ ಕೇಳಿ, ಆವತ್ತು ಎಲ್ಲಿದ್ದ ಅಂತ." ಸಾರ್, ನನ್ನನ್ನು ಕೇಳಬೇಡಿ, ಅವನನ್ನೇ ನೋಡಿ ಕೇಳಿ, 'ನೀನು ಎಲ್ಲಿದ್ದೆ' ಅಂತ. ನಾನು ಕೂಡ ಅವನು ಹೇಳಿದ ಹಾಗೇ 'ನಾನು' ಅಂತಲೇ ಹೇಳ್ತೀನಿ. ಒಪ್ಪಿದರು. ಸ್ವಲ್ಪ ಹೊತ್ತಿಗೆ ನಾನು, "ನಾನು ಅಂಗಡಿ ಮುಚ್ಚಿ, ಜಯದೇವ ಸರ್ಕಲ್ ಹತ್ತಿರ ಮಂಡಕ್ಕಿ ಮಿರ್ಚಿ ತಿಂದು ರೂಮಿಗೆ ಬಂದು ಮಲಗಿದೆ" ಅಂದಾಗ ರೈಟರ್ ಟೈಪ್ ಮಾಡೋದು ಬಿಟ್ಟು ನನ್ನನ್ನೇ ನೋಡಿದರು. ಆ ಬಿಗುವಿನಲ್ಲೂ ಹುಡುಗ ನಕ್ಕ.

ತೊಂದರೆ ಬಂದಿದ್ದು ತಲೆ ಆಡಿಸೋದರಲ್ಲಿ. ಇನ್ಸ್‌ಪೆಕ್ಟರ್ ಕೇಳಿದರು, "ಸಾಯಂಕಾಲ ಅವನು ರೂಮಿನಲ್ಲೇ ಇದ್ದನಾ?" ನಾನು ಸನ್ನೆ ಮಾಡುತ್ತಿರುವಾಗಲೇ ಹುಡುಗ ತಲೆ ಆಡಿಸುತ್ತಿದ್ದ. ರೈಟರ್ 'ಹೌದು' ಅಂತ ಹೊಡೆದುಬಿಟ್ಟರು. ತಡೆದೆ. ಕಿವುಡರು ಎದುರಿನವರ ಸನ್ನೆ ನೋಡುವಾಗ ತಲೆ ಆಡಿಸುತ್ತಾ ಇರ್ತಾರೆ, ಗೊತ್ತಾಗ್ತಿದೆ, ಮುಂದೆ ಹೇಳಿ ಅಂತ. ನಾವು ಫೋನಿನಲ್ಲಿ ಹ್ಞೂಂ ಹ್ಞೂಂ ಅನ್ನಲ್ವಾ? ಅದು ಉತ್ತರ ಅಲ್ಲ. ಅದೂ ಅಲ್ಲದೆ ಯೂನಿಫಾರ್ಮ್ ಹಾಕಿದವರ ಮುಂದೆ ಎಷ್ಟೋ ಕಿವುಡರು ಅರ್ಥ ಆಗದಿದ್ದರೂ ತಲೆ ಆಡಿಸಿಬಿಡ್ತಾರೆ. ಜೀವನ ಪೂರ್ತಿ ಹಾಗೆ ಮಾಡಿಯೇ ಬೈಗುಳ ತಪ್ಪಿಸಿಕೊಂಡಿರ್ತಾರೆ. ಹೌದು-ಇಲ್ಲ ಪ್ರಶ್ನೆ ಬಿಟ್ಟುಬಿಡಿ, 'ಸಾಯಂಕಾಲ ಏನಾಯಿತು ಹೇಳು' ಅಂತ ಕೇಳಿ ಅಂದೆ. ಇನ್ಸ್‌ಪೆಕ್ಟರ್ ಹಾಗೇ ಕೇಳಿದರು. ಹುಡುಗ ಹೇಳಿದ್ದು ಮೊದಲು ಟೈಪ್ ಆಗಿದ್ದಕ್ಕೆ ಪೂರ್ತಿ ಉಲ್ಟಾ: ಗೆಳೆಯ ಸಾಯಂಕಾಲ ರೂಮಿನಲ್ಲಿ ಇರಲೇ ಇಲ್ಲ.

ತುಟಿ ನೋಡಿ ಗೊತ್ತುಮಾಡಿಕೊಳ್ತಾರಲ್ಲ ಅಂತ ಪದೇ ಪದೇ ಕೇಳ್ತಾರೆ ಜನ. ಪಾಪ, ಬಾಬಾ, ಮಾಮ, ಮೂರೂ ತುಟಿಯ ಮೇಲೆ ಒಂದೇ. ಕನ್ನಡಿ ಮುಂದೆ ನಿಂತು ದನಿ ಇಲ್ಲದೆ ಹೇಳಿ ನೋಡಿ. ಇನ್ನು ನಮ್ಮ ಇನ್ಸ್‌ಪೆಕ್ಟರ್ ಮೀಸೆ ಬೇರೆ ದಟ್ಟ.

ಎರಡನೇ ಸಾಕ್ಷಿಯ ವಿಷಯ ಇದಕ್ಕಿಂತ ಕಷ್ಟ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡೋ ವಯಸ್ಸಾದ ಒಬ್ಬರು, ಎಲ್ಲರೂ ತಾತ ಅಂತಾರೆ. ಹುಟ್ಟಾ ಕಿವುಡು, ಶಾಲೆ ಕಂಡಿಲ್ಲ, ಸನ್ನೆ ಭಾಷೆಯೂ ಬರಲ್ಲ. ಭಟ್ಟಿಯವರ ಜೊತೆ, ಮನೆಯವರ ಜೊತೆ ತಾವೇ ಮಾಡಿಕೊಂಡ ಸನ್ನೆ. ಆ ರಾತ್ರಿ ಅವರು ಏನೋ ನೋಡಿದ್ದಾರೆ ಅಂತ ಗೊತ್ತಾಯಿತು. ನನ್ನ ಕೈಯಲ್ಲಿ ಇದು ಆಗಲ್ಲ, ಒಬ್ಬ ಕಿವುಡ ಮೇಷ್ಟ್ರು ಬೇಕು ಅಂದೆ. "ಕಿವುಡರಿಗೆ ಕಿವುಡರೇ ದುಭಾಷಿನಾ?" ಅಂತ ಇನ್ಸ್‌ಪೆಕ್ಟರ್ ನಕ್ಕರು. ಆದರೆ ದಾರಿ ಅದೇ. ಭಾಷೆಯೇ ಇಲ್ಲದೆ ಬೆಳೆದವರ ಜೊತೆ ಮಾತು ಹುಟ್ಟಿಸೋದು ಕಿವುಡರಿಗೆ ಬರುವಷ್ಟು ನಮಗೆ ಬರಲ್ಲ, ನನ್ನಂಥ ಕಿವುಡರ ಮಗಳಿಗೂ ಬರಲ್ಲ. ಹೀಗೆ ಇನ್ಸ್‌ಪೆಕ್ಟರ್ ಕನ್ನಡದಲ್ಲಿ ಕೇಳೋದು, ನಾನು ಮೇಷ್ಟ್ರಿಗೆ ಸನ್ನೆ ಭಾಷೆಯಲ್ಲಿ ಹೇಳೋದು, ಮೇಷ್ಟ್ರು ತಾತನಿಗೆ ನಟಿಸಿ ತೋರಿಸೋದು, ಉತ್ತರ ಮತ್ತೆ ಅದೇ ದಾರಿಯಲ್ಲಿ ವಾಪಸ್. ಒಂದು ಪ್ರಶ್ನೆಗೆ ಒಂದೊಂದು ಸಲ ಅರ್ಧ ಗಂಟೆ.

ಗಂಟೆ ಎಷ್ಟು ಅಂದರೆ ತಾತನಿಗೆ ಗೊತ್ತಿಲ್ಲ. ಒಲೆ ಆರಿಸಿದ್ದು ಗೊತ್ತು, ಮಂಡಕ್ಕಿ ಹುರಿಯೋ ಮರಳು ತಣ್ಣಗಾಗಿದ್ದು ಗೊತ್ತು. ಭಟ್ಟಿ ಮಾಲೀಕರನ್ನು ಕೇಳಿ ಹೊತ್ತು ಲೆಕ್ಕ ಹಾಕಿದರು. ಜಾಗ ತೋರಿಸೋಕೆ ಪೇದೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲೆ, ಸೇತುವೆ ಬರೆಯೋಕೆ ಹೋದ. ಮೇಷ್ಟ್ರು ಅವನ ಕೈ ಹಿಡಿದು ಸುಣ್ಣವನ್ನು ತಾತನ ಕೈಗೇ ಕೊಟ್ಟರು. ಸರಿಯಾದ ಕೆಲಸ. ನಾವು ಬರೆದುಕೊಟ್ಟರೆ ನಾವು ಹೇಳಿಕೊಟ್ಟ ಹಾಗೇ ತಾನೇ? ತಾತ ಗೆರೆ ಎಳೆದರು, ಕಲ್ಲುಗಳನ್ನು ಇಟ್ಟರು, ಒಂದು ಕಲ್ಲನ್ನು ಎರಡರ ನಡುವೆ ಇಟ್ಟರು. ಆಮೇಲೆ ಎದ್ದು ನಿಂತು ಒಬ್ಬ ಹೇಗೆ ನಡೆಯುತ್ತಿದ್ದ ಅಂತ ನಡೆದು ತೋರಿಸಿದರು. ಯಾರೂ ಏನೂ ಮಾತಾಡಲಿಲ್ಲ. ಪೇದೆ ಈ ಸಲ ಕ್ಯಾಮೆರಾವನ್ನು ಕಾಲಿನವರೆಗೂ ಇಳಿಸಿದ್ದ.

ಬಂಧನ ಆದಾಗ ಇನ್ನೊಂದು ಗಂಟು. ಹಿಡಿದವರಲ್ಲಿ ಒಬ್ಬ ಕಿವುಡ. ಕಿವುಡರೆಲ್ಲ ಪಾಪದವರು ಅಂತ ನಂಬಿದವರಿಗೆ ಇದು ಕಸಿವಿಸಿ ಆಗಬಹುದು, ನನಗೆ ಆಗಲಿಲ್ಲ. ಅವನಿಗೂ ಯಾಕೆ ಹಿಡಿದಿದ್ದಾರೆ ಅಂತ ಅರ್ಥವಾಗೋ ಭಾಷೆಯಲ್ಲಿ ಹೇಳಲೇಬೇಕು, ಅದು ಸಂವಿಧಾನದ 22ನೇ ವಿಧಿ ಕೊಟ್ಟ ಹಕ್ಕು. ನೀವೇ ಬಂದು ಹೇಳಿ ಮೇಡಂ ಅಂದರು. ಬರಲ್ಲ ಅಂದೆ. ಸಾಕ್ಷಿಗೆ ಕೈಯಾದವಳೇ ಆರೋಪಿಗೂ ಕೈಯಾದರೆ ಇಬ್ಬರಿಗೂ ಅನ್ಯಾಯ. ಬೇರೆ ಊರಿನ ದುಭಾಷಿಯ ನಂಬರ್ ಕೊಟ್ಟೆ. ಜೊತೆಗೆ ಎರಡು ಮಾತು ಹೇಳಿದೆ: ಕೋಳ ಹಾಕೋದೇ ಆದರೆ ಬೆನ್ನ ಹಿಂದೆ ಹಾಕಬೇಡಿ, ಕೈ ಕಟ್ಟಿದರೆ ಅವನ ಬಾಯಿ ಕಟ್ಟಿದ ಹಾಗೆ. ರಾತ್ರಿ ಜೀಪಿನೊಳಗೆ ದೀಪ ಹಾಕಿ. ಇನ್ಸ್‌ಪೆಕ್ಟರ್‌ಗೆ ಸ್ವಲ್ಪ ಸಿಟ್ಟು ಬಂತು, ನಾನು ಯಾರ ಕಡೆಯವಳು ಅನ್ನೋ ಹಾಗೆ ನೋಡಿದರು. ಬೇರೆಯವರನ್ನು ಕರೆಸಿದರು, ಅದು ಮುಖ್ಯ.

ಗುರುತು ಹಿಡಿಯೋ ಪೆರೇಡ್‌ನಲ್ಲಿ ತಾತ ಗುರುತಿಸಬೇಕಿತ್ತು. ಸಾಕ್ಷಿಗೆ ಅಂಗವೈಕಲ್ಯ ಇದ್ದರೆ ಅದು ಮ್ಯಾಜಿಸ್ಟ್ರೇಟರ ಉಸ್ತುವಾರಿಯಲ್ಲೇ ಆಗಬೇಕು, ವಿಡಿಯೊ ಆಗಬೇಕು. ಅಲ್ಲಿ ನಾನು, ಮೇಷ್ಟ್ರು ಇಬ್ಬರೂ ಒಳಗೆ ಹೋಗಲಿಲ್ಲ. ಸನ್ನೆ ಮಾಡುವವರು ಎದುರಿನವರ ಕಣ್ಣು ನೋಡ್ತಾರೆ, ನಮ್ಮ ಕಣ್ಣು ಅರೆಕ್ಷಣ ಯಾರ ಮೇಲೋ ನಿಂತರೂ ತಾತನಿಗೆ ಗೊತ್ತಾಗುತ್ತೆ. ಪಕ್ಕದ ಕೋಣೆಯಲ್ಲೇ, ನೋಡಿದವರು ಇದ್ದರೆ ಮುಟ್ಟು, ಇಲ್ಲದಿದ್ದರೆ ವಾಪಸ್ ಬಾ ಅಂತ ಮೇಷ್ಟ್ರು ತಿಳಿಸಿ ಕಳಿಸಿದರು. 'ಇಲ್ಲದೆಯೂ ಇರಬಹುದು' ಅನ್ನೋದನ್ನು ತಿಳಿಸೋದೇ ಎಲ್ಲಕ್ಕಿಂತ ಕಷ್ಟವಾಯಿತು.

ಮ್ಯಾಜಿಸ್ಟ್ರೇಟರ ಮುಂದೆ ಬಿಎನ್‌ಎಸ್‌ಎಸ್ 183ರ ಪ್ರಕಾರ ಸಾಕ್ಷಿಯ ಹೇಳಿಕೆ ದಾಖಲಿಸುವಾಗ ನನಗೂ ಪ್ರಮಾಣ ಮಾಡಿಸಿದರು. ದುಭಾಷಿಗೆ ಪ್ರಮಾಣ ಮಾಡಿಸಬೇಕು ಅಂತ 1969ರ ಪ್ರಮಾಣ ಕಾಯ್ದೆಯಲ್ಲೇ ಇದೆ. ಆಮೇಲೆ ಮೃತನ ಪರಿಚಯ ಇತ್ತಾ ಅಂತ ಕೇಳಿದರು. ಇತ್ತು, ಅಪ್ಪನ ಜೊತೆ ಕಿವುಡರ ಕ್ರಿಕೆಟ್ ಮ್ಯಾಚಿಗೆ ಬರುತ್ತಿದ್ದ, ಮಾತಾಡಿಸಿದ್ದೆ ಅಂದೆ. ಈ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 2012ರಲ್ಲಿ ರಾಜಸ್ಥಾನದ ಒಂದು ಕೊಲೆ ಕೇಸಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಅಲ್ಲಿ ಸತ್ತವನ ಹೆಂಡತಿಯೇ ಸಾಕ್ಷಿ, ಆಕೆ ಕಿವುಡಿ, ದುಭಾಷಿ ಆಕೆಯ ಅಪ್ಪ. ಆ ಸಾಕ್ಷ್ಯ ನಿಲ್ಲಲಿಲ್ಲ. ದುಭಾಷಿ ಸಾಕ್ಷಿಯ ಪರಿಸರದವರೇ ಆಗಿರಬೇಕು, ಆದರೆ ಕೇಸಿನಲ್ಲಿ ಆಸಕ್ತಿ ಇರಬಾರದು, ಪ್ರಮಾಣ ಮಾಡಿರಬೇಕು ಅಂತ ಕೋರ್ಟ್ ಹೇಳಿತು. ಕೇಳೋಕೆ ಸರಿ. ದಾವಣಗೆರೆಯಂಥ ಊರಿನಲ್ಲಿ ಕಿವುಡರಿಗೆಲ್ಲ ಒಬ್ಬರಿಗೊಬ್ಬರು ಗೊತ್ತು, ಅವರ ಸನ್ನೆ ಬರೋ ಕಿವಿ ಕೇಳುವವರು ಬೆರಳೆಣಿಕೆಯಷ್ಟು. ಪರಿಸರದವರೂ ಆಗಿರಬೇಕು, ಪರಿಚಯವೂ ಇರಬಾರದು ಅಂದರೆ ಎಲ್ಲಿಂದ ತರೋದು? ಪರಿಚಯ ಮುಚ್ಚಿಡಬೇಡಿ, ಮೊದಲೇ ಹೇಳಿ ಬರೆಸಿಬಿಡಿ, ಉಳಿದಿದ್ದು ವಿಡಿಯೊ ನೋಡಿಕೊಳ್ಳುತ್ತೆ. ನನ್ನ ಅಭಿಪ್ರಾಯ ಇಷ್ಟೇ. ಈಗಿನ ಸಾಕ್ಷ್ಯ ಕಾನೂನಿನ 125ನೇ ಕಲಮು ವಿಡಿಯೊವನ್ನು ಕಡ್ಡಾಯ ಮಾಡಿರೋದು ಬಹಳ ದೊಡ್ಡ ವಿಷಯ.

ಸೆಷನ್ಸ್ ಕೋರ್ಟಿನಲ್ಲಿ ನಾನೇ ಸಾಕ್ಷಿಗಳ ಪಟ್ಟಿಯಲ್ಲಿದ್ದೆ. ಹಾಗಾಗಿ ಅಲ್ಲಿ ದುಭಾಷಿ ಬೇರೆಯವರು, ಬೆಂಗಳೂರಿನಿಂದ ಬಂದವರು. ಆರೋಪಿ ಪರ ವಕೀಲರು ನಿಧಾನವಾಗಿ, ತುಂಬಾ ಮರ್ಯಾದೆಯಿಂದ ಕೇಳಿದರು:

"ನಿಮ್ಮ ತಂದೆಯವರೂ ಕಿವುಡರು ಅಲ್ವೇನಮ್ಮಾ?"

"ಹೌದು ಸಾರ್."

"ಹಾಗಾದ್ರೆ ಸತ್ತ ಹುಡುಗನ ಬಗ್ಗೆ ನಿಮಗೆ ಅನುಕಂಪ ಇರೋದು ಸಹಜ."

"ಇದೆ ಸಾರ್. ಆರೋಪಿಗಳಲ್ಲಿ ಒಬ್ಬರೂ ಕಿವುಡರೇ."

ಜಡ್ಜ್ ತಲೆ ಎತ್ತಿ ನೋಡಿದರು. ವಕೀಲರು ಸ್ವಲ್ಪ ತಡೆದು, ನೀವು ಸಾಕ್ಷಿ ಹೇಳದೆ ಇದ್ದದ್ದನ್ನು ಸೇರಿಸಿದ್ದೀರಿ ಅಂದರೆ ಏನು ಹೇಳ್ತೀರಿ ಅಂದರು. ಸುಳ್ಳು ಅಂತೀನಿ, ಆದರೆ ನನ್ನ ಮಾತು ಬೇಡ, ಎರಡೂ ವಿಡಿಯೊ ಇದೆ, ನಿಮಗೆ ಬೇಕಾದ ದುಭಾಷಿಯಿಂದ ನೋಡಿಸಿ ಅಂದೆ. ನೋಡಿಸಿದರಂತೆ. ಮುಂದಿನ ದಿನಾಂಕದಲ್ಲಿ ಆ ಪ್ರಶ್ನೆ ಮತ್ತೆ ಬರಲಿಲ್ಲ.

ರೂಮಿನ ಗೆಳೆಯನ ಸಾಕ್ಷಿ ಮುಗಿದಿದೆ. ತಾತನ ಪಾಟೀ ಸವಾಲು ಬಾಕಿ ಇದೆ. ಬೆಂಗಳೂರಿನ ದುಭಾಷಿ, ಇನ್ನೊಬ್ಬ ಕಿವುಡ ದುಭಾಷಿ, ವಕೀಲರು, ಜಡ್ಜ್ ಎಲ್ಲರೂ ಒಂದೇ ದಿನ ಸಿಗಬೇಕು, ತಾತನ ಆರೋಗ್ಯವೂ ಸರಿ ಇರಬೇಕು. ಹಿಂದಿನ ಸಲ ದುಭಾಷಿಯ ರೈಲು ತಡವಾಗಿ ದಿನಾಂಕ ಮುಂದೆ ಹೋಯಿತು. ಇನ್ಸ್‌ಪೆಕ್ಟರ್‌ಗೆ ಬೇರೆ ಜಿಲ್ಲೆಗೆ ವರ್ಗ ಆಗಿದೆ, ಆದರೂ ದಿನಾಂಕದ ಹಿಂದಿನ ಸಾಯಂಕಾಲ ಫೋನ್ ಮಾಡಿ, "ಮೇಡಂ, ಅವರು ಈ ಸಲ ಹಿಂದಿನ ದಿನಾನೇ ಬಂದು ಉಳ್ಕೊಳ್ತಾರಾ? ಕ್ಯಾಮೆರಾ ಕಾಲಿನವರೆಗೂ ಇಡಿ ಅಂತ ಅಲ್ಲಿ ಯಾರಾದ್ರೂ ಹೇಳಿದಾರಾ?" ಅಂತ ಕೇಳ್ತಾರೆ.